ಸೊನ್ನೆಯಿಂದ ಶುರುವಾದ ಪಟ್ಟಿ

ಸಹಕಾರ ಸಂಘವೊಂದರ ಸಭೆಯ ನಡಾವಳಿ. ಪೆನ್‌ಡ್ರೈವ್ ತಂದ ಕಾರ್ಯದರ್ಶಿಗೆ ಬೇಕಾಗಿದ್ದದ್ದು ಎರಡು ಪ್ರತಿ, ಅಷ್ಟೇ. ಡಿಟಿಪಿ ಅಂಗಡಿಯ ಯಜಮಾನರು ಕಡತ ತೆರೆದರು, ಕನ್ನಡಕ ಏರಿಸಿದರು, ಹಿಗ್ಗಿಹೋದರು. ಠರಾವಿನ ಕೆಳಗಿನ ಉಪಪಟ್ಟಿಯಲ್ಲಿ ಮೊದಲಿಗೆ ಅನುಸ್ವಾರ, ಆಮೇಲೆ ವಿಸರ್ಗ, ಅದಾದ ಮೇಲೆ ಅ, ಆ!

ಸ್ವರಗಳೆಲ್ಲ ಮುಗಿದ ಮೇಲೆ ಬರಬೇಕಾದ ಯೋಗವಾಹಗಳು ಮುಂದಿನ ಸಾಲಿನ ಕುರ್ಚಿ ಹಿಡಿದಿದ್ದವು. ಇನ್ನೊಂದು ಅಕ್ಷರದ ಆಸರೆಯಿಲ್ಲದೆ ಬಾಯಿಗೇ ಬಾರದ ಸೊನ್ನೆ, ಒಂಟಿಯಾಗಿ ಒಂದು ಷರತ್ತನ್ನು ಹೊತ್ತು ನಿಂತಿತ್ತು.

ಕಾರಣ ಯಜಮಾನರಿಗೆ ಬಾಯಿಪಾಠ. ವರ್ಡ್‌ನಲ್ಲಿ ಟೈಪ್ ಮಾಡಿದವರು ಆರಿಸಿದ್ದು ಇಂಗ್ಲಿಷಿನ ದೊಡ್ಡಕ್ಷರದ ಎ, ಬಿ, ಸಿ, ಡಿ ಪಟ್ಟಿಯನ್ನೇ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಎ ಮನೆಯಲ್ಲಿ ಅನುಸ್ವಾರ, ಬಿ ಮನೆಯಲ್ಲಿ ವಿಸರ್ಗ, ಸಿ ಮನೆಯಲ್ಲಿ ಅ ವಾಸವಾಗಿರುತ್ತವೆ. ಬೇರೆ ಅಪ್ಪಣೆ ಇಲ್ಲದಿದ್ದರೆ ಪಟ್ಟಿಯ ಅಂಕಿ ತನ್ನ ವೇಷವನ್ನು ಪಕ್ಕದ ಮಾತಿನಿಂದ ಪಡೆಯುವುದಿಲ್ಲ. ಪ್ಯಾರಾದ ಕೊನೆಯಲ್ಲಿ ಅಡಗಿ ಕೂತ ಗುರುತಿನಿಂದ ಪಡೆಯುತ್ತದೆ. ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿದರೆ ಆ ತಿರುಗುಮುರುಗು ಪಿ ಕಾಣುತ್ತದೆ. ಅದೊಂದನ್ನೇ ಹಿಡಿದು ಬೋಲ್ಡ್ ಮಾಡಿದರೆ ಸಾಲು ತೆಳ್ಳಗೇ ಉಳಿದು, ಆ ತುದಿಯ ಅಂಕಿ ದಪ್ಪಗಾಗುತ್ತದೆ. ಬಾಲ ಹಿಂಡಿದರೆ ಮೂತಿ ಅಲ್ಲಾಡುವ ಈ ಆಟವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸದೆ ಯಜಮಾನರು ಬಿಟ್ಟವರಲ್ಲ. ಕಾರ್ಯದರ್ಶಿಗೂ ತೋರಿಸಿದರು. ಕಾರ್ಯದರ್ಶಿ ಗಡಿಯಾರ ನೋಡಿದರು.

ಚಿಕಿತ್ಸೆ ಮಾತ್ರ ಮೂತಿಗೇ. ಪಟ್ಟಿಯ ಒಂದು ಅಕ್ಷರದ ಮೇಲೆ ಮೌಸ್ ಒತ್ತಿದರೆ ಆ ಹಂತದ ಅಷ್ಟೂ ಅಕ್ಷರಗಳು ಒಟ್ಟಿಗೆ ಬೂದಾಗುತ್ತವೆ. ಆಗ ಫಾಂಟನ್ನು ಟೈಮ್ಸ್ ನ್ಯೂ ರೋಮನ್ ಮಾಡಿದರೆ ಆಯಿತು.

ಎದುರು ರಸ್ತೆಯ ಡಿಟಿಪಿ ಅಂಗಡಿಯವನ ಮದ್ದು ಬೇರೆ. ಪಟ್ಟಿಯನ್ನೇ ಅಳಿಸಿ, ಬೆರಳಲ್ಲೇ 1, 2, 3 ಕುಟ್ಟಿ, ಸ್ಪೇಸ್‌ಬಾರ್ ಬಡಿದು ಸಾಲು ಕೂಡಿಸುತ್ತಾನೆ. ಆ ಮಾತು ಬಂದರೆ ಯಜಮಾನರ ನಗು ಮಾಯ. ಮೊಳೆ ಜೋಡಿಸುವ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಸೀಸದ 4 ಕಿತ್ತರೆ ಸೀಸದ 5 ತಾನಾಗಿ 4 ಆಗುವುದಿಲ್ಲ. ಈಗಲೂ ಹಾಗೇ ಮಾಡಿದರೆ, ನಾಲ್ಕನೆಯ ಠರಾವು ಬಿದ್ದುಹೋದ ದಿನ ಉಳಿದದ್ದನ್ನೆಲ್ಲ ತಿದ್ದುವವರು ಯಾರು? 3 ಆದ ಮೇಲೆ 5 ಬರುತ್ತದೆ, ನಡುವಿನದು ಎಲ್ಲಿ ಹೋಯಿತೆಂದು ಆಡಿಟ್‌ನವರು ಹುಡುಕುತ್ತಾರೆ. "ಸೋಮಾರಿತನ ಅಂತ ಬಿಟ್ಬಿಡಬಹುದು ಸಾರ್. ಅದಕ್ಕೆ ದುಡ್ಡು ಬೇರೆ ಇಸ್ಕೋತಾನಲ್ಲ!" ಮೇಜು ಕುಟ್ಟಿದ ರಭಸಕ್ಕೆ ಟೀ ಲೋಟ ಅಲುಗಿತು.

ಅಷ್ಟರಲ್ಲಿ ಕಣ್ಣು ಮುಖ್ಯ ಪಟ್ಟಿಯ ಮೇಲೆ ಬಿತ್ತು. 1, 2, 3, 4, ೫, 6. ನುಡಿ ಫಾಂಟಿನ ಹೆಸರಿನ ಕೊನೆಗೆ ಇ ಇದ್ದರೆ ಇಂಗ್ಲಿಷ್ ಅಂಕಿ, ಕೆ ಇದ್ದರೆ ಕನ್ನಡ ಅಂಕಿ. ಐದನೆಯದನ್ನು ಯಾರೋ ಬೇರೆ ಕಡತದಿಂದ ಎತ್ತಿ ಅಂಟಿಸಿದ್ದಾರೆ, ಬಾಲವೂ ಜೊತೆಗೇ ಬಂದುಬಿಟ್ಟಿದೆ. ಯಜಮಾನರು ಕುರ್ಚಿ ಮುಂದಕ್ಕೆಳೆದು ಆ ಠರಾವನ್ನು ಓದತೊಡಗಿದರು.

"ಸಾರ್, ಇದು ಹೋದ ವರ್ಷದ್ದಲ್ವೇ?"

"ಎರಡು ಪ್ರತಿ ತೆಗೀರಿ, ಸಾಕು," ಎಂದರು ಕಾರ್ಯದರ್ಶಿ.