ಒಡೆದ ಸ್ವರ

ಮಗ ಎಸ್ಸೆಸ್ಸೆಲ್ಸಿಯ ಕೊನೆಯ ಪರೀಕ್ಷೆ ಬರೆದು ಬಂದು ಚಪ್ಪಲಿ ಬಿಡುವ ಮೊದಲೇ ನಾನು ಹೇಳಿದ್ದೆ: “ನಾಳೆಯಿಂದ ಸಾಲಿಗ್ರಾಮಕ್ಕೆ.”

ವಿಷಯ ಇಷ್ಟೇ. ನಾನು ಮನಸ್ಸಿನಲ್ಲಿಟ್ಟಿದ್ದ ಪಿಯು ಕಾಲೇಜಿನಲ್ಲಿ ಕಲಾವಿದ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ. ಮೇ ತಿಂಗಳಲ್ಲಿ ಹೋಗಿ ಹಾಡಿ ತೋರಿಸಬೇಕು. ಮಗ ಐದನೇ ಕ್ಲಾಸಿನಿಂದ ಸಂಗೀತ ಕಲಿತವನು. ಜೂನಿಯರ್ ಪಾಸಾದ ಸರ್ಟಿಫಿಕೇಟು ಲ್ಯಾಮಿನೇಷನ್ ಆಗಿ ಕಪಾಟಿನಲ್ಲಿದೆ. ಜತೆಗೆ ಭಾಗವತಿಕೆಯ ನಾಲ್ಕು ಪದ ಸೇರಿದರೆ ಸೀಟು ಗಟ್ಟಿ ಎಂಬುದು ನನ್ನ ಲೆಕ್ಕ. ಅಮೆರಿಕದಲ್ಲಿರುವ ಭಾವನ ಮಗಳು ರಜೆಯಲ್ಲಿ ಸಂಗೀತ ಶಿಬಿರಕ್ಕೆ ಹೋಗಿ, ಅದನ್ನು ಕಾಲೇಜಿನ ಅರ್ಜಿಯಲ್ಲಿ ಬರೆಯುತ್ತಾಳಂತೆ. ಅಲ್ಲಿ ಇಂಥ ಶಿಬಿರಗಳು ಹೊಸತಲ್ಲ. ಮಿಷಿಗನ್ನಿನ ಇಂಟರ್‌ಲಾಕನ್ ಶಿಬಿರ ಆರಂಭವಾದದ್ದು 1928ರಲ್ಲಿ. ನಮ್ಮ ಸಿಇಟಿಯಲ್ಲಾದರೋ ಆಟೋಟಕ್ಕೆ, ಎನ್‌ಸಿಸಿಗೆ ಸೀಟುಂಟು, ಹಾಡಿಗಿಲ್ಲ. ಬೈಂದೂರಿನ ಬಸ್ಸಿನಲ್ಲಿ ಪರಿಚಯದವರೊಬ್ಬರು ಕೇಳಿಯೇಬಿಟ್ಟರು: “ಹ್ವಾಯ್, ಇದ್ಕೆ ಎಷ್ಟ್ ಮಾರ್ಕ್ ಕೊಡ್ತ್ರ್?”

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಿಸಿ ನಾವು ಹೋದದ್ದು ಮೇಳ ಬಿಟ್ಟು ಮನೆಯಲ್ಲಿದ್ದ ಹಿರಿಯ ಭಾಗವತರೊಬ್ಬರಲ್ಲಿಗೆ. ಬೇಸಗೆಯಲ್ಲಿ ಬೇರೆ ಯಾರು ಸಿಗಬೇಕು? ನವೆಂಬರಿಗೆ ಹೊರಟ ಮೇಳಗಳ ತಿರುಗಾಟ ಮುಗಿಯುವುದು ಮೇ ಕೊನೆಯ ಪತ್ತನಾಜೆಗೆ. ಅಷ್ಟರಲ್ಲಿ ಮಕ್ಕಳಿಗೆ ಶಾಲೆ ಶುರು. ರಾತ್ರಿ ಪದ ಹೇಳಿದವರು ಹಗಲು ನಿದ್ದೆಗೆಟ್ಟು ಕಲಿಸಲಾದೀತೇ?

ಮೊದಲ ದಿನ ಅವರು ಹಾರ್ಮೋನಿಯಂ ಹಿಡಿದು “ಹಾಡು, ಮಾಣಿ” ಎಂದರು. ನಮ್ಮ ಕಡೆಯ ಹುಡುಗರಿಗೆ ಗುಂಡ್ಮಿ ಕಾಳಿಂಗ ನಾವಡರ ಎತ್ತರವೇ ಅಳತೆಗೋಲು. 1990ರಲ್ಲಿ, ಎಳೆಯ ಪ್ರಾಯದಲ್ಲೇ ಅವರು ತೀರಿಕೊಂಡರೂ ಕ್ಯಾಸೆಟ್ಟಿನ ಆ ಸ್ವರ ಇಂದಿಗೂ ಮೊಬೈಲುಗಳಲ್ಲಿ ಓಡಾಡುತ್ತಿದೆ. ಇವನೂ ಮೇಲಕ್ಕೆ ಹೋದ. ಮೇಲಿನ ಷಡ್ಜ ಮುಟ್ಟುವಷ್ಟರಲ್ಲಿ ಸ್ವರ ಒಮ್ಮೆ ಕೋಳಿಯಾಯಿತು, ಒಮ್ಮೆ ಕೋಣವಾಯಿತು.

ಭಾಗವತರು ನಗಲಿಲ್ಲ. “ಮಾಣಿಗೆ ಸ್ವರ ಒಡೀತಾ ಇತ್ತ್. ಸದ್ಯ ಎತ್ತರಕ್ಕೆ ಹಾಡ್ಸ್‌ಬೇಡಿ” ಎಂದರು.

“ಮೇಯಲ್ಲಿ ಆಯ್ಕೆ ಉಂಟಲ್ಲ?”

“ಅದ್ ನಿಮ್ಮ್ ಲೆಕ್ಕ.”

ಈ ಪ್ರಾಯದ ಹುಡುಗರಲ್ಲಿ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ತಂತುಗಳು ಉದ್ದ, ದಪ್ಪ ಆಗುತ್ತವೆ, ಸ್ವರ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಆಗ ಒತ್ತಾಯದಿಂದ ಎತ್ತರಕ್ಕೆ ಹಾಡಿಸಿದರೆ ಗಂಟಲಿಗೆ ಕೆಡುಕು. ಇದೆಲ್ಲ ನಾನು ಆಮೇಲೆ ತಿಳಿದದ್ದು. ಅಂದು ತಿಳಿದದ್ದು ಬಸ್ಸಿನ ಚಾರ್ಜು ದಂಡ ಎಂದಷ್ಟೇ. ಏಕೆಂದರೆ ಅವರು ಹುಡುಗನ ಕೈಗೆ ಮದ್ದಳೆ ಕೊಟ್ಟು ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಎಂದು ತಾಳ ಹಿಡಿಸುತ್ತ ಕೂತರು. ಹಾಡಿಸಿದರೆ ತಗ್ಗಿನಲ್ಲಿ, ಮೆಲ್ಲಗೆ.

ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಭಾಗವತರಿಗೆ ತಿಳಿಯದಂತೆ ಪ್ರತಿದಿನ ಬೆಳಗ್ಗೆ ಐದಕ್ಕೆ ಅವನನ್ನೆಬ್ಬಿಸಿ ಹಳೆಯ ಶ್ರುತಿಯಲ್ಲೇ ಹಾಡಿಸಿದೆ. ಅವನಮ್ಮ ಬಿಸಿನೀರು, ಕಾಳುಮೆಣಸಿನ ಕಷಾಯ ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋಗುತ್ತಿದ್ದಳು. ಹದಿನೈದು ದಿನದಲ್ಲಿ ಹುಡುಗನ ಮಾತೇ ಗೊರಗೊರ ಆಯಿತು. ಆದರೂ ನಾನು ಬಿಡಲಿಲ್ಲ.

ಆಯ್ಕೆಯ ದಿನ ಅವನ ಸ್ವರ ಎರಡನೇ ಸಾಲಿಗೇ ಒಡೆಯಿತು. ತೀರ್ಪುಗಾರರು ಒಳ್ಳೆಯವರು, “ನೀರು ಕುಡಿ, ಮತ್ತೆ ಹಾಡು” ಎಂದರು. ಅವನು ಹಾಡಲಿಲ್ಲ. ಕೈಮುಗಿದು ಹೊರಬಂದ. ಬಾಗಿಲ ಹೊರಗೆ ನಾನು ಅವನ ಫೈಲು ಹಿಡಿದು ನಿಂತಿದ್ದೆ.

ಊರಿನ ಸರ್ಕಾರಿ ಪಿಯು ಕಾಲೇಜಿಗೇ ಸೇರಿಸಿದೆವು. ಸಾಲಿಗ್ರಾಮಕ್ಕೆ ಇನ್ನು ಹೋಗಬೇಕಾಗಿಲ್ಲ ಎಂದೆ. ಅವನು ಮಾತ್ರ ಶನಿವಾರ ಮಧ್ಯಾಹ್ನ ತಾನೇ ಹೊರಟ. ಒಂದು ಶನಿವಾರ ನಾನೂ ಹೋಗಿ, ಬೆಳಗಿನ ಹಾಡಿನ ವಿಷಯ ಭಾಗವತರಲ್ಲಿ ಒಪ್ಪಿಕೊಂಡೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಗೊತ್ತಿತ್ತ್. ಮಾಣಿ ಹೇಳ್ಲಿಲ್ಲ, ಗಂಟ್ಲ್ ಹೇಳ್ತ್” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆವು. ಅವನ ಬೆರಳು ಮುಂದಿನ ಸೀಟಿನ ಸರಳಿನ ಮೇಲೆ ಬಡಿಯುತ್ತಿತ್ತು. ಮಾತಾಡಿಸಲು ನನಗೆ ಬೇರೆ ನೆಪ ಸಿಗಲಿಲ್ಲ. “ತ್ರಿವುಡೆಯಲ್ಲವಾ?” ಎಂದೆ.

“ಅಲ್ಲ ಅಪ್ಪಯ್ಯ, ಅಷ್ಟ” ಎಂದ, ಹೊಸ ದಪ್ಪ ಸ್ವರದಲ್ಲಿ. ಮತ್ತೆ ನನಗೆ ತಿಳಿಯಲೆಂದು ನಿಧಾನಕ್ಕೆ ಬಡಿದು ತೋರಿಸಿದ.