ಹೋಟೆಲಿನ ಊಟವೂ ಶ್ರಾವಕನ ವಿವೇಕವೂ

ಮನೆಯಲ್ಲಿ ಉಣ್ಣುವವನಿಗೆ ಭಕ್ಷ್ಯಾಭಕ್ಷ್ಯಗಳ ವಿಚಾರವು ಅಷ್ಟು ಕಠಿಣವಲ್ಲ. ನೀರನ್ನು ಸೋಸಿದವರು, ಧಾನ್ಯವನ್ನು ಆರಿಸಿದವರು, ಒಲೆಯ ಮುಂದೆ ನಿಂತವರು ಎಲ್ಲರೂ ಪರಿಚಿತರೇ. ಹೊರಗೆ ಉಣ್ಣಲು ಕುಳಿತವನ ಸ್ಥಿತಿ ಹಾಗಲ್ಲ. ತಟ್ಟೆಯನ್ನು ತಂದಿಟ್ಟವನು ಅದನ್ನು ಬೇಯಿಸಿದವನಲ್ಲ. ಬೇಯಿಸಿದವನು ಅದರೊಳಗಿನ ಪದಾರ್ಥಗಳನ್ನೆಲ್ಲ ತಯಾರಿಸಿದವನೂ ಅಲ್ಲ. ಆದ್ದರಿಂದ ಹೊರಗಿನ ಊಟದಲ್ಲಿ ಅಹಿಂಸಾಣುವ್ರತದ ಪಾಲನೆಗೆ ನಾಲಿಗೆಯ ಸಂಯಮವೊಂದೇ ಸಾಲದು. ಪದಾರ್ಥದ ತಿಳಿವಳಿಕೆಯೂ ಬೇಕು, ಕೇಳುವ ವಿನಯವೂ ಬೇಕು.

ಗಾಂಧಿ ಬಜಾರಿನ ಸುತ್ತಮುತ್ತಲಿನ ಮನೆಗಳಿಗೆ ಹೋಟೆಲಿನ ತಿಂಡಿ ಹೊಸದೇನೂ ಅಲ್ಲ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವು, ಹೆಸರೇ ಹೇಳುವಂತೆ, ಓದುವ ಹುಡುಗರನ್ನು ಕಣ್ಣಮುಂದಿಟ್ಟುಕೊಂಡು ತೆರೆದ ಚಿಕ್ಕ ಉಪಾಹಾರ ಗೃಹ. ಅದರ ಮಸಾಲೆದೋಸೆ ಇಂದು ಊರಿನ ಹೆಗ್ಗುರುತು. ಶಂಕರಪುರದಲ್ಲಿ 1965ರಿಂದ ನಡೆದುಬಂದಿರುವ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ ವಡೆಗಳಿಗೆ ಚಟ್ನಿಯೇ ಹೊರತು ಸಾಂಬಾರಿಲ್ಲ. 1924ರಲ್ಲಿ ಮೊದಲಾದ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳ ಕ್ರಮವನ್ನು ನೋಡಿದರು. ಅಲ್ಲಿನ ಶುಚಿತ್ವವನ್ನು ಮೆಚ್ಚಿ, ತಟ್ಟೆ ಲೋಟಗಳನ್ನು ವಿಶೇಷವಾಗಿ ಶುದ್ಧೀಕರಿಸುವ ಪದ್ಧತಿಯನ್ನು ಇಲ್ಲಿಗೆ ತಂದರು. ಉಣ್ಣಲು ಬಂದವರು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದೆಂಬ ಆ ಸಂಸ್ಥೆಯ ಸಂಪ್ರದಾಯವು ಶ್ರಾವಕನಾದವನು ಮೆಚ್ಚತಕ್ಕದ್ದು. ನೋಡಿ ಉಣ್ಣುವುದು ಅವನ ಧರ್ಮವೂ ಹೌದು.

ಇಟಲಿಯ ತಿನಿಸುಗಳು ಈ ಪೇಟೆಯ ಮಕ್ಕಳಿಗೆ ರೂಢಿಯಾದುದು ಈಚೆಗೆ. ಪಿಜ್ಜಾ ಹಟ್ ಎಂಬ ಅಮೆರಿಕದ ಕಂಪನಿಯು ಭಾರತದಲ್ಲಿ ತನ್ನ ಮೊದಲ ಅಂಗಡಿಯನ್ನು 1996ರಲ್ಲಿ ಬೆಂಗಳೂರಿನಲ್ಲಿಯೇ ತೆರೆಯಿತು. ಅಲ್ಲಿಂದೀಚೆಗೆ ಹುಟ್ಟುಹಬ್ಬವೆಂದರೆ ಪಿಜ್ಜಾ, ರಜೆಯೆಂದರೆ ಪಾಸ್ತಾ ಎನ್ನುವ ಮನೆಗಳು ಹೆಚ್ಚಿವೆ. ಹಿರಿಯರು ಇದನ್ನು ಪರದೇಶದ ತಿನಿಸೆಂದು ಹಳಿಯುತ್ತಾರೆ. ಕಿರಿಯರು ‘ಇದರಲ್ಲಿ ಮಾಂಸವಿಲ್ಲವಲ್ಲ’ ಎಂದು ಸಮಾಧಾನಪಡುತ್ತಾರೆ. ಎರಡೂ ಮಾತುಗಳು ಪರೀಕ್ಷೆಗೆ ನಿಲ್ಲಲಾರವು.

ಮೊದಲು ಕಿರಿಯರ ಮಾತು. ಒಣಗಿಸಿದ ಪಾಸ್ತಾ ಗಟ್ಟಿಗೋಧಿಯ ರವೆ ಮತ್ತು ನೀರಿನಿಂದ ಆಗುವಂಥದು. ಆದರೆ ಹೊಸದಾಗಿ ಕಲಸಿದ ಪಾಸ್ತಾಕ್ಕೆ ಬಹಳ ಕಡೆ ಮೊಟ್ಟೆ ಸೇರುತ್ತದೆ. ರಿಸೊಟ್ಟೊ ಎಂಬ ಅನ್ನದ ಪಾಕಕ್ಕೆ ಈರುಳ್ಳಿಯ ಒಗ್ಗರಣೆ, ಅನೇಕ ವೇಳೆ ಮದ್ಯ ಮತ್ತು ಮಾಂಸ ಬೇಯಿಸಿದ ನೀರು. ತಿರಾಮಿಸು ಎಂಬ ಸಿಹಿಯಲ್ಲಿ ಮೊಟ್ಟೆ. ಪನ್ನಾ ಕೋಟಾ ಎಂಬ ಕೆನೆಯ ಸಿಹಿಯನ್ನು ಗಟ್ಟಿಗೊಳಿಸುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್. ಎಲ್ಲಕ್ಕಿಂತ ಸೂಕ್ಷ್ಮವಾದುದು ಚೀಸಿನ ವಿಷಯ. ಪಾರ್ಮಿಜಾನೊ ರೆಜ್ಜಾನೊ ಎಂಬ ಪ್ರಸಿದ್ಧ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದಲೇ ಮಾಡಬೇಕೆಂದು ಅದರ ನಿಯಮವಿದೆ. ಪೆಕೊರಿನೊ ರೊಮಾನೊಗೆ ಕುರಿಮರಿಯ ಹೆಪ್ಪು. ಹಾಲು ನಿರ್ದೋಷವೆಂದು ಕಂಡರೂ ಹೆಪ್ಪಿನ ಹಿಂದೆ ಒಂದು ಎಳೆಯ ಪ್ರಾಣಿಯ ವಧೆ ಇರುತ್ತದೆ. ಸೂಕ್ಷ್ಮಾಣುಜನ್ಯ ಹೆಪ್ಪಿನಿಂದ ಮಾಡಿದ ಚೀಸೂ ಪೇಟೆಯಲ್ಲಿ ದೊರೆಯುತ್ತದೆ. ತಟ್ಟೆಯಲ್ಲಿರುವುದು ಯಾವುದೆಂದು ಕೇಳಿಯೇ ತಿಳಿಯಬೇಕು.

ಇನ್ನು ಹಿರಿಯರ ಮಾತು. 16ನೆಯ ಶತಮಾನದ ಆದಿಯಲ್ಲಿ ಜೈನಕವಿ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದನು. ಬದನೆ, ಹಲಸು, ಬಾಳೆ ಮುಂತಾದವುಗಳ ಪಾಕಗಳನ್ನು ರುಚಿಯರಿತು ವರ್ಣಿಸಿದ ಕವಿ ಅವನು. ಜಿನಧರ್ಮದ ಗೃಹಸ್ಥನಿಗೆ ರುಚಿ ನಿಷಿದ್ಧವಲ್ಲವೆಂಬುದಕ್ಕೆ ಆ ಕೃತಿಯೇ ಸಾಕ್ಷಿ. ಅವನ ಅಡುಗೆಮನೆಯಲ್ಲಿ ಆಲೂಗಡ್ಡೆಯಾಗಲಿ, ಟೊಮೇಟೊವಾಗಲಿ, ಮೆಣಸಿನಕಾಯಿಯಾಗಲಿ ಇರಲಿಲ್ಲ. ಅವೆಲ್ಲ ಅಮೆರಿಕ ಖಂಡದಿಂದ ಆಮೇಲೆ ಬಂದವು. ಇಟಲಿಗೂ ಟೊಮೇಟೊ ಹೀಗೆಯೇ ಹೊರಗಿನಿಂದ ಬಂದುದು. ಮಸಾಲೆದೋಸೆಯೊಳಗಿನ ಆಲೂಗಡ್ಡೆಯ ಪಲ್ಯವನ್ನು ‘ನಮ್ಮದು’ ಎಂದು ಒಪ್ಪಿ, ಟೊಮೇಟೊ ಹಚ್ಚಿದ ರೊಟ್ಟಿಯನ್ನು ‘ಪರದೇಶದ್ದು’ ಎಂದು ತಳ್ಳುವುದರಲ್ಲಿ ಅಭ್ಯಾಸದ ಬಲವಿದೆ, ಧರ್ಮದ ಬಲವಿಲ್ಲ. ಕಂದಮೂಲವನ್ನು ತ್ಯಜಿಸಿದವನಿಗೆ ಎರಡನೆಯದಕ್ಕಿಂತ ಮೊದಲನೆಯದೇ ದೋಷಯುಕ್ತ.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮೂಲಂಗಿ, ಹಸಿಶುಂಠಿ, ಬೆಣ್ಣೆ ಮೊದಲಾದವುಗಳನ್ನು ಬಿಡಬೇಕೆಂದು ಹೇಳುವಾಗ ಕೊಡುವ ಕಾರಣ ಗಮನಾರ್ಹವಾದುದು: ದೊರೆಯುವ ಫಲ ಸ್ವಲ್ಪ, ಆಗುವ ಜೀವಘಾತ ಬಹಳ. ಪದಾರ್ಥವು ಯಾವ ದೇಶದ್ದೆಂದು ಅವರು ವಿಚಾರಿಸುವುದಿಲ್ಲ. ಅದರಿಂದ ಎಷ್ಟು ಜೀವಗಳಿಗೆ ಬಾಧೆ ಎಂಬುದಷ್ಟೇ ಅವರ ತಕ್ಕಡಿ. ಈ ತಕ್ಕಡಿಯನ್ನು ಹಿಡಿದವನು ಗಾಂಧಿ ಬಜಾರಿನಲ್ಲಿಯೂ ಉಣ್ಣಬಲ್ಲನು, ಸಮುದ್ರದಾಚೆಯೂ ಉಣ್ಣಬಲ್ಲನು.

ಗಾಂಧಿ ಬಜಾರಿನ ಸಮೀಪದ ಹಿರಿಯರೊಬ್ಬರ ಪ್ರಸಂಗ ಇದಕ್ಕೆ ಉದಾಹರಣೆಯಾಗಬಹುದು. ನಿವೃತ್ತ ಉಪಾಧ್ಯಾಯರಾದ ಅವರು ಕಂದಮೂಲವನ್ನೂ ರಾತ್ರಿಭೋಜನವನ್ನೂ ತ್ಯಜಿಸಿದವರು. ಮಗ ಸೊಸೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ನಿನಲ್ಲಿದ್ದಾರೆ. ಆ ದೇಶದ ಕಡಲತೀರದ ಊರುಗಳಲ್ಲಿ ಇಟಲಿಯವರ ಭೋಜನಶಾಲೆಗಳು ಹೇರಳ. 19ನೆಯ ಶತಮಾನದ ಕೊನೆಯಿಂದ ಇಟಲಿಯ ಬಡ ಹಳ್ಳಿಗಳ ಜನ ಬ್ರಿಟನ್ನಿಗೆ ಬಂದು, ಐಸ್‌ಕ್ರೀಂ ಮಾರುತ್ತ, ಕಾಫಿ ಅಂಗಡಿಗಳನ್ನು ತೆರೆಯುತ್ತ ನೆಲೆನಿಂತರು. ಉಡುಪಿಯ ಕಡೆಯವರು ಬೆಂಗಳೂರಿಗೆ ಬಂದು ಹೋಟೆಲು ತೆರೆದ ಕಥೆಯೂ ಇಂಥದೇ. ಮೊಮ್ಮಗನು ತನ್ನ ಹುಟ್ಟುಹಬ್ಬಕ್ಕೆ ಅಂಥದೊಂದು ಕಡೆ ಹೋಗಬೇಕೆಂದು ಆಸೆಪಟ್ಟನು. ‘ಮಾವ, ನೀವು ಬರದಿದ್ದರೆ ತಾನೂ ಬರುವುದಿಲ್ಲವಂತೆ’ ಎಂದು ಸೊಸೆ ಸಂಕೋಚದಿಂದ ತಿಳಿಸಿದಳು. ಹೋಗದಿದ್ದರೆ ತಾತನ ವ್ರತವೆಂದರೆ ತನ್ನ ಸಂತೋಷಕ್ಕೆ ಅಡ್ಡಿ ಎಂದು ಮಗು ತಿಳಿಯುತ್ತದೆ. ಕಣ್ಣುಮುಚ್ಚಿ ಉಂಡರೆ ವ್ರತವೆಂದರೆ ಮನೆಯೊಳಗಿನ ಮಾತು ಎಂದು ತಿಳಿಯುತ್ತದೆ. ಹಿರಿಯರು ‘ಹೊತ್ತಿರುವಾಗಲೇ ಹೋಗೋಣ, ಮೊದಲೇ ಕೇಳಿ ನೋಡೋಣ’ ಎಂದರು.

ಹೊತ್ತಿನ ತೊಂದರೆ ಅಂದು ಬರಲಿಲ್ಲ. ಬೆಂಗಳೂರಿನಲ್ಲಿ ಸೂರ್ಯಾಸ್ತವು ವರ್ಷವಿಡೀ ಸುಮಾರು 5-50ರಿಂದ 6-50ರೊಳಗೆ ಆಗುತ್ತದೆ. ಬ್ರೈಟನ್ನಿನಲ್ಲಿ ಜೂನ್ ಕೊನೆಗೆ 9 ಗಂಟೆ ಕಳೆದ ಮೇಲೆ. ಡಿಸೆಂಬರಿನಲ್ಲಾದರೋ ಸಂಜೆ 4ರ ಸುಮಾರಿಗೇ. ಆದುದರಿಂದ ಅಲ್ಲಿರುವವರು ಗಡಿಯಾರವನ್ನು ಬಿಟ್ಟು ಸೂರ್ಯನನ್ನೇ ನೋಡಬೇಕು. ಪದಾರ್ಥದ ವಿಚಾರ ಮಾತ್ರ ಕಠಿಣವಾಗಿತ್ತು. ಮಗನು ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿದಾಗ, ಟೊಮೇಟೊ ಗೊಜ್ಜನ್ನು ಬೆಳಗ್ಗೆಯೇ ಈರುಳ್ಳಿ ಬೆಳ್ಳುಳ್ಳಿ ಹಾಕಿ ಕಾಯಿಸಿಡುತ್ತಾರೆಂದೂ ಆಮೇಲೆ ಬೇರ್ಪಡಿಸಲಾಗದೆಂದೂ ತಿಳಿಯಿತು. ಇಲ್ಲಿನ ಹೋಟೆಲುಗಳ ಸಾಂಬಾರಿನ ಸ್ಥಿತಿಯೂ ಅದೇ. ಅಡುಗೆಯವನೇ ದಾರಿ ತೋರಿಸಿದನು: ಒಣ ಪಾಸ್ತಾವನ್ನು ಬೇರೆ ನೀರಿನಲ್ಲಿ ಬೇಯಿಸಿ, ಹೆಚ್ಚಿದ ಟೊಮೇಟೊ, ತುಳಸಿಯ ಜಾತಿಯ ಬೇಸಿಲ್ ಎಲೆ, ಆಲಿವ್ ಎಣ್ಣೆಗಳನ್ನು ಬೇರೆ ಬಾಣಲೆಯಲ್ಲಿ ಬೆರೆಸಿಕೊಡುವುದಾಗಿ ಹೇಳಿದನು.

ಆದರೂ ಮರುದಿನ ಬಡಿಸುವವನು ಅಭ್ಯಾಸಬಲದಿಂದ ಮೇಲೆ ಚೀಸನ್ನು ತುರಿದು ತಂದಿಟ್ಟನು. ಮಗನು ದನಿಯೇರಿಸುವಷ್ಟರಲ್ಲಿ ಹಿರಿಯರು ಅವನ ಕೈ ಹಿಡಿದು, ತಾವೇ ಮೆತ್ತಗೆ ವಿಷಯವನ್ನು ತಿಳಿಸಿದರು. ಬೇರೆ ತಟ್ಟೆ ಬಂತು. ಮೊಮ್ಮಗನು ‘ಇಷ್ಟೆಲ್ಲ ಬಿಡಬೇಕಾದರೆ ಬಂದದ್ದೇಕೆ ತಾತ?’ ಎಂದು ಕೇಳಿದಾಗ, ‘ನಿನ್ನ ಜೊತೆ ಕೂತು ಉಣ್ಣೋಣವೆಂದು, ಮಗು’ ಎಂದರು. ಆದರೆ ಮೊದಲ ತಟ್ಟೆಯ ಅನ್ನ ಕಸಕ್ಕೆ ಹೋಯಿತಲ್ಲ ಎಂಬ ಕೊರಗು ಅವರನ್ನು ಬಹಳ ದಿನ ಬಿಡಲಿಲ್ಲ. ವ್ರತವೇನೋ ಉಳಿಯಿತು, ಆಹಾರ ವ್ಯರ್ಥವಾಯಿತು. ಹೊರಗಿನ ಊಟದಲ್ಲಿ ಇಂಥ ಶೇಷ ಉಳಿದೇ ಉಳಿಯುತ್ತದೆ. ಅದನ್ನು ಕಡಿಮೆ ಮಾಡಲು ಮೊದಲೇ ಕೇಳುವುದೂ, ತಟ್ಟೆ ಬರುವ ಮುನ್ನ ಇನ್ನೊಮ್ಮೆ ನೆನಪಿಸುವುದೂ ಉಪಾಯ.

ಕಾಯಿದೆಗಳಿಂದ ಸಹಾಯವುಂಟು, ಆದರೆ ಪೂರ್ಣವಲ್ಲ. 2014ರ ಡಿಸೆಂಬರಿನಿಂದ ಬ್ರಿಟನ್ನಿನ ಭೋಜನಶಾಲೆಗಳು ಅಲರ್ಜಿಯುಂಟುಮಾಡುವ 14 ಪದಾರ್ಥಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಲೇಬೇಕು. ಮೊಟ್ಟೆ, ಮೀನು, ಹಾಲು ಆ ಪಟ್ಟಿಯಲ್ಲಿವೆ. ಈರುಳ್ಳಿ, ಬೆಳ್ಳುಳ್ಳಿ, ಪ್ರಾಣಿಜನ್ಯ ಹೆಪ್ಪು ಇಲ್ಲ. ಭಾರತದಲ್ಲಿ ಪೊಟ್ಟಣಗಳ ಮೇಲೆ ಕಾಣುವ ಹಸಿರು ಚಿಹ್ನೆಯೂ ಶ್ರಾವಕನ ಪೂರ್ಣ ರಕ್ಷೆಯಲ್ಲ. ಕಾಯಿದೆಯು ಜೇನುತುಪ್ಪವನ್ನು ಸಸ್ಯಾಹಾರವೆಂದೇ ಎಣಿಸುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗವಾದರೋ ಶ್ರಾವಕನ ಮೊದಲ ಮೆಟ್ಟಿಲು. ಹೋಟೆಲಿನ ಪಟ್ಟಿಯಲ್ಲಿನ ‘ಜೈನ ಪಿಜ್ಜಾ’ ಎಂಬ ಹೆಸರೂ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಲ್ಲವೆಂಬ ಭರವಸೆಯಷ್ಟೆ. ಅದನ್ನು ರಾತ್ರಿ 10 ಗಂಟೆಗೆ ತರಿಸಿ, ಅರ್ಧ ತಿಂದು, ಅರ್ಧ ಚೆಲ್ಲಿ ಎದ್ದವನಿಗೆ ಆ ಹೆಸರು ಯಾವ ಪುಣ್ಯವನ್ನೂ ತಾರದು.

ಈ ವಿಷಯದಲ್ಲಿ ಬಸದಿಗಳ ಟ್ರಸ್ಟುಗಳು ಅಲ್ಪವೆಚ್ಚದಲ್ಲಿ ಒಂದು ಉಪಕಾರವನ್ನು ಮಾಡಬಹುದು. ವಿದೇಶಕ್ಕೆ ಹೋಗುವ ಕುಟುಂಬಗಳಿಗಾಗಿ ಅಂಗೈಯಗಲದ ಒಂದು ಚೀಟಿಯನ್ನು ಇಂಗ್ಲಿಷಿನಲ್ಲಿ ಅಚ್ಚುಮಾಡಿಸಲಿ. ‘ಜೈನ ಆಹಾರ ಬೇಕು’ ಎಂದು ಬರೆದರೆ ಪರದೇಶದ ಅಡುಗೆಯವನಿಗೆ ಏನೂ ತಿಳಿಯದು. ಮಾಂಸ, ಮೀನು, ಮೊಟ್ಟೆ, ಮದ್ಯ, ಜೇನು, ಜೆಲಟಿನ್, ಕರುವಿನ ಹೆಪ್ಪಿನ ಚೀಸ್, ನೆಲದೊಳಗೆ ಬೆಳೆಯುವ ಗಡ್ಡೆಗಳು ಬೇಡವೆಂದು ಒಂದೊಂದಾಗಿ ಹೆಸರಿಸಬೇಕು. ಕೊನೆಗೆ ಅವನ ಶ್ರಮಕ್ಕೆ ವಂದನೆಯನ್ನೂ ಸೇರಿಸಬೇಕು. ಯಾರ ನಿಯಮ ಎಷ್ಟೋ ಅಷ್ಟನ್ನು ಗುರುತುಹಾಕಿ ಕೊಟ್ಟರಾಯಿತು. ಕೆಲವರು ಪರ್ವದಿನಗಳಲ್ಲಿ ಮಾತ್ರ ಗಡ್ಡೆಗಳನ್ನು ಬಿಡುವರು, ಕೆಲವರು ಜೀವನಪರ್ಯಂತ. ಹೆಚ್ಚು ಬಿಟ್ಟವರು ಕಡಿಮೆ ಬಿಟ್ಟವರನ್ನು ಅದೇ ಮೇಜಿನಲ್ಲಿ ಕೀಳಾಗಿ ನೋಡಿದರೆ, ತಟ್ಟೆಯಲ್ಲಿ ಬಿಟ್ಟ ಹಿಂಸೆಯು ಮಾನಕಷಾಯವಾಗಿ ಮನಸ್ಸಿನಲ್ಲಿ ಬಂದು ಕೂರುತ್ತದೆ.

ಮಕ್ಕಳು ಹೊರಗೆ ಉಣ್ಣದಂತೆ ತಡೆಯುವ ಕಾಲ ಕಳೆದಿದೆ. ಅವರು ಯಾವ ಊರಿನಲ್ಲಿ ಉಂಡರೂ ‘ಇದರಲ್ಲಿ ಏನಿದೆ?’ ಎಂದು ನಾಚದೆ ಕೇಳುವಂತೆಯೂ, ಉತ್ತರ ತೃಪ್ತಿಕರವಲ್ಲದಾಗ ಸಿಡುಕದೆ ಬಿಡುವಂತೆಯೂ ಅವರನ್ನು ಬೆಳೆಸುವುದು ಹಿರಿಯರ ಕೈಯಲ್ಲಿದೆ. ಅದಕ್ಕೆ ಅವರೊಡನೆ ಕುಳಿತು ಉಣ್ಣುವ ಹಿರಿಯರು ಬೇಕು.