ಗಾಲಿಯ ಮೇಲಿನ ಮನೆಯಲ್ಲಿ ಫ್ರಾನ್ಸಿನ ಹಳ್ಳಿಗಾಡು

2018ರ ಅಕ್ಟೋಬರಿನಲ್ಲಿ ನಾವು ದಂಪತಿಗಳು, ಎಪ್ಪತ್ತೆಂಟರ ವಯಸ್ಸಿನ ನಮ್ಮ ತಾಯಿಯವರು, ಲಿಯೋನ್ ನಗರದಲ್ಲಿ ಉದ್ಯೋಗದಲ್ಲಿರುವ ಮಗ, ಹೀಗೆ ನಾಲ್ವರು ಫ್ರಾನ್ಸಿನ ನಡುನಾಡಿನ ಹಳ್ಳಿಗಳನ್ನು ನೋಡಲು ಹೊರಟೆವು. ತಾಯಿಯವರಿಗೆ ಹೋಟೆಲಿನ ಊಟ ಸಲ್ಲದು. ಆದ್ದರಿಂದ ಮಗನು ಒಲೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ವಾಹನವೊಂದನ್ನು ಬಾಡಿಗೆಗೆ ಗೊತ್ತುಮಾಡಿದ್ದನು. ಅಲ್ಲಿನವರು ಅದನ್ನು ‘ಕ್ಯಾಂಪಿಂಗ್ ಕಾರ್’ ಎನ್ನುವರು.

ಮೊದಲು ಎದುರಾದುದು ನೀರಿನ ಪ್ರಶ್ನೆ. ಅಲ್ಲಿ ಅನೇಕ ಊರುಗಳಲ್ಲಿ ಇಂತಹ ವಾಹನಗಳಿಗಾಗಿಯೇ ನೀರು ತುಂಬಿಕೊಳ್ಳುವ, ಬಳಸಿದ ನೀರನ್ನು ಚೆಲ್ಲುವ, ಶೌಚದ ಪೆಟ್ಟಿಗೆಯನ್ನು ತೊಳೆಯುವ ಏರ್ಪಾಡುಂಟು. ಆದರೆ ಕುಡಿಯುವ ನೀರಿನ ನಲ್ಲಿಯೂ ಪೆಟ್ಟಿಗೆ ತೊಳೆಯುವ ನಲ್ಲಿಯೂ ಬಹಳ ದೂರವಿರುವುದಿಲ್ಲ. ‘ಓ ಪೊಟಾಬ್ಲ್’ ಎಂದು ಬರೆದಲ್ಲಿ ಮಾತ್ರ ಕುಡಿಯುವ ನೀರು. ತಾಯಿಯವರು ನಮ್ಮ ರಬ್ಬರು ಕೊಳವೆಗೆ ಕೆಂಪು ದಾರ ಕಟ್ಟಿ, ಅದನ್ನು ಬೇರಾವ ನಲ್ಲಿಗೂ ತಾಗಿಸಬಾರದೆಂದು ವಿಧಿಸಿದರು. ನಕ್ಕ ಮೊಮ್ಮಗನೇ ಮೂರನೆಯ ದಿನ ಆ ದಾರವನ್ನು ಹುಡುಕುತ್ತಿದ್ದನು!

ಲ ಪುಯಿ ಪಟ್ಟಣದ ಶನಿವಾರದ ಸಂತೆಯಲ್ಲಿ ಅಲ್ಲಿನ ಹೆಸರಾಂತ ಹಸಿರು ಮಸೂರ ಬೇಳೆಯನ್ನು ಕೊಂಡೆವು. ಜ್ವಾಲಾಮುಖಿಯ ಮಣ್ಣಿನ ಆ ಬೆಳೆಗೆ 1996ರಲ್ಲಿ ಮೂಲಸ್ಥಳದ ಅಧಿಕೃತ ಮನ್ನಣೆ ದೊರೆತಿದೆ. ಸಾರು ಸೊಗಸಾಯಿತು. ಅಂದೇ ಸಂಜೆ, ಸಾವಿರ ಮೀಟರಿಗೂ ಎತ್ತರದ ಓಬ್ರಾಕ್ ಪ್ರಸ್ಥಭೂಮಿಯಲ್ಲಿ, ಒಬ್ಬ ರೈತನ ಅನುಮತಿ ಪಡೆದು ಅವನ ಹೊಲದಂಚಿನಲ್ಲಿ ತಂಗಿದೆವು.

ನಡುರಾತ್ರಿ ವಾಹನದೊಳಗಿನ ಬಿಸಿಗಾಳಿ ನಿಂತಿತು. ಹೊರಗೆ ಇಬ್ಬನಿ ಹೆಪ್ಪುಗಟ್ಟುತ್ತಿತ್ತು. ತಾಯಿಯವರ ಕೆಮ್ಮು ಏರತೊಡಗಿತು. ಇದ್ದ ಕಂಬಳಿಗಳನ್ನೆಲ್ಲ ಅವರಿಗೆ ಹೊದಿಸಿ ನಾವು ಕೋಟು ತೊಟ್ಟು ಕುಳಿತೆವು. ಅವರನ್ನು ಇಲ್ಲಿಗೆ ಕರೆತಂದದ್ದೇ ತಪ್ಪಾಯಿತೇನೋ ಎಂದು ನಮಗೆ ಅಳುಕಾಯಿತು. ಬೆಳಗಾದೊಡನೆ ಮಗನು ಅನಿಲದ ಸಿಲಿಂಡರನ್ನು ಹೊರತೆಗೆದು, ಮುಗಿದಿದೆ ಎಂದನು. ತಾಯಿಯವರು ಅದನ್ನು ಓರೆಮಾಡಿ ನೋಡಿ, “ಖಾಲಿ ಆಗಿದ್ರ ಇಷ್ಟ್ಯಾಕ ವಜ್ಜ ಐತೆಪಾ?” ಎಂದರು.

ಅವರ ಸಂಶಯ ಸರಿಯಾಗಿತ್ತು. ಹಾಲು ಕರೆದು ಬಂದ ರೈತನು ಸಿಲಿಂಡರಿನ ಮೇಲಿನ ಬರಹ ನೋಡಿ “ಬ್ಯೂಟಾನ್” ಎಂದು ತಲೆಯಾಡಿಸಿದನು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸಿ, ದ್ರವವಾಗಿ ತಳದಲ್ಲಿ ಕುಳಿತುಬಿಡುತ್ತದೆ. ಪ್ರೊಪೇನ್ ಆದರೋ ಮೈನಸ್ 40 ಡಿಗ್ರಿಯಲ್ಲಿಯೂ ಆವಿಯಾಗಬಲ್ಲದು. ಬಾಡಿಗೆ ಕೊಟ್ಟವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ರೈತನು ತಾಯಿಯವರನ್ನು ತನ್ನ ಅಡುಗೆಮನೆಯ ಬೆಂಕಿಯ ಬಳಿ ಕೂರಿಸಿ ಬಿಸಿ ಹಾಲು ಕೊಟ್ಟನು. ಅವರು ಕನ್ನಡದಲ್ಲಿ ಹಸುವಿನ ಕರುವನ್ನು ವಿಚಾರಿಸಿದರು. ಅವನು ಫ್ರೆಂಚಿನಲ್ಲಿ ಏನೋ ಹೇಳಿದನು. ಇಬ್ಬರಿಗೂ ತೃಪ್ತಿಯಾದಂತೆ ಕಂಡಿತು.

ಅಂದು ಭಾನುವಾರ, ಸಿಲಿಂಡರು ಮಾರುವಲ್ಲೆಲ್ಲ ಬೀಗ. ರೈತನ ಸಲಹೆಯಂತೆ ಲೋಟ್ ನದಿಯ ಕಣಿವೆಗೆ, ಎಸ್ಪಾಲಿಯೋನ್ ಊರಿಗೆ ಇಳಿದೆವು. ತಗ್ಗಿನ ಊರಾದುದರಿಂದ ಚಳಿ ಕಡಿಮೆ. ಅದೇ ಸಿಲಿಂಡರು ಆ ರಾತ್ರಿ ಚೆನ್ನಾಗಿ ಉರಿಯಿತು. ಸೋಮವಾರ ಮತ್ತೊಂದು ತೊಡಕು. ಯಾವ ಕಂಪನಿಯ ಸಿಲಿಂಡರೋ ಅದೇ ಕಂಪನಿಯದಕ್ಕೆ ಮಾತ್ರ ಬದಲಾವಣೆ. ಎರಡು ಅಂಗಡಿಗಳಲ್ಲಿ ಅದಿರಲಿಲ್ಲ. ಮೂರನೆಯದು ಮಧ್ಯಾಹ್ನ 12ರಿಂದ 2ರವರೆಗೆ ಊಟದ ವಿರಾಮಕ್ಕೆ ಮುಚ್ಚಿತ್ತು. ಕಾದೆವು. ಕೊನೆಗೆ ಪ್ರೊಪೇನ್ ದೊರೆತಾಗ ಹಳೆಯ ಸಿಲಿಂಡರಿನ ನಟ್ಟು ಬಿಚ್ಚಲೊಲ್ಲದು. ಮಗನು ಪಾನಾ ಹಿಡಿದು ಬೆವರಿದನು. ಅಂಗಡಿಯ ಹೆಣ್ಣುಮಗಳು ಬಂದು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದಳು, ಬಿಚ್ಚಿಕೊಂಡಿತು. ಅನಿಲದ ನಟ್ಟುಗಳಿಗೆ ಅಲ್ಲಿ ಎಡಮರೆ.

ಸಂಜೆ ತಾಯಿಯವರು ಒಲೆ ಹಚ್ಚಿ, ಉಳಿದ ಮಸೂರ ಬೇಳೆಯನ್ನು ನೆನೆಯಿಟ್ಟರು.